ಲೆಕ್ಕದ ಹಾಳೆಗೆ ಯಂತ್ರದ ಕೈ: ಕೀಲಿ ಯಾರ ಬಳಿ ಇರಬೇಕು?

ವ್ಯಾಪಾರದ ಲೆಕ್ಕವು ಕೆಂಪು ಹೊದಿಕೆಯ ಕಿರ್ದಿ ಪುಸ್ತಕದಿಂದ ಗಣಕಯಂತ್ರದ ಪರದೆಗೆ ಬಂದು ದಶಕಗಳೇ ಸಂದಿವೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಹಾಗೂ ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ಅಮೆರಿಕನ್ನರು 'ವಿಸಿಕ್ಯಾಲ್ಕ್' ಎಂಬ ತಂತ್ರಾಂಶವನ್ನು ಹೊರತಂದಾಗ, ಲೆಕ್ಕಿಗರು ಕಾಗದದ ಮೇಲೆ ಗೆರೆ ಎಳೆದು ಮಾಡುತ್ತಿದ್ದ ಕೆಲಸವೇ ಪರದೆಯ ಮೇಲೆ ಮೂಡಿತು. ಒಂದು ಅಂಕಿಯನ್ನು ತಿದ್ದಿದರೆ ಒಟ್ಟು ಮೊತ್ತ ತಾನಾಗಿ ಬದಲಾಯಿತು. 2006ರಲ್ಲಿ ಗೂಗಲ್ ಸಂಸ್ಥೆಯು ಇದೇ ಬಗೆಯ ಹಾಳೆಯನ್ನು ಅಂತರ್ಜಾಲಕ್ಕೆ ಏರಿಸಿತು. ಅಂಗಡಿಯಲ್ಲಿ ಕುಳಿತ ಗುಮಾಸ್ತ, ಗೋದಾಮಿನ ತೂಕದವನು, ಊರೂರು ಸುತ್ತುವ ಮಾಲೀಕ ಮೂವರೂ ಒಂದೇ ಹಾಳೆಯನ್ನು ಒಂದೇ ವೇಳೆಗೆ ತೆರೆದು ಬರೆಯುವುದು ಸಾಧ್ಯವಾಯಿತು. ಈ ಎರಡೂ ಬದಲಾವಣೆಗಳಲ್ಲಿ ಬರೆಯುವ ಕೈ ಮಾತ್ರ ಮನುಷ್ಯನದೇ ಆಗಿತ್ತು. ಈಗಿನ ಮೂರನೆಯ ಬದಲಾವಣೆಯಲ್ಲಿ ಆ ಕೈಯೂ ಬದಲಾಗುತ್ತಿದೆ. ಹಾಳೆಯನ್ನು ಓದುವುದೂ ಅದಕ್ಕೆ ಬರೆಯುವುದೂ ಪ್ರೋಗ್ರಾಮಿನ ಕೆಲಸವಾಗುತ್ತಿದೆ. ಆ ಪ್ರೋಗ್ರಾಮಿಗೆ ಲೆಕ್ಕದ ಕೀಲಿ ಕೊಟ್ಟವರು ಯಾರು, ಕೊಟ್ಟಿದ್ದು ಎಷ್ಟು ಅಧಿಕಾರ ಎಂದು ವಿಚಾರಿಸುವ ಮಾಲೀಕರು ವಿರಳ.

ವಿಷಯವನ್ನು ತುಸು ಬಿಡಿಸಿ ಹೇಳಬೇಕು. ಗೂಗಲ್ ಶೀಟ್ಸ್‌ನಂಥ ಅಂತರ್ಜಾಲ ಹಾಳೆಗಳಿಗೆ ಎರಡು ಬಾಗಿಲುಗಳಿವೆ. ಒಂದು, ಮನುಷ್ಯರು ಬ್ರೌಸರ್ ಅಥವಾ ಮೊಬೈಲಿನ ಮೂಲಕ ಪ್ರವೇಶಿಸುವ ಮುಂಬಾಗಿಲು. ಇನ್ನೊಂದು, ಎಪಿಐ ಎಂದು ಕರೆಯಲಾಗುವ, ಪ್ರೋಗ್ರಾಮುಗಳಿಗಾಗಿಯೇ ಇರಿಸಿದ ಹಿಂಬಾಗಿಲು. ಹಿಂಬಾಗಿಲಿನ ನಡಾವಳಿ ಜಟಿಲವಾದುದು. ಆ ಜಟಿಲತೆಯನ್ನು ಮರೆಮಾಡಿ, ನಾಲ್ಕೈದು ಸಾಲುಗಳಲ್ಲಿ ಹಾಳೆಯನ್ನು ತೆರೆದು ಓದಿ ಬರೆಯಲು ಅನುವು ಮಾಡುವ ಸಿದ್ಧ ತಂತ್ರಾಂಶದ ಕಟ್ಟಿಗೆ ಲೈಬ್ರರಿ ಎಂದು ಹೆಸರು. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಈ ಕೆಲಸಕ್ಕೆ ಬಳಸುವ 'ಜಿ-ಸ್ಪ್ರೆಡ್' ಎಂಬ ಲೈಬ್ರರಿ ಉಚಿತವಾಗಿ ಲಭ್ಯವಿದೆ. ಇಂಜಿನಿಯರಿಂಗ್ ಓದುತ್ತಿರುವ ಮನೆಯ ಮಗನೋ ಸೋದರಳಿಯನೋ ಒಂದು ಭಾನುವಾರ ಕುಳಿತು ಇದನ್ನು ಅಂಗಡಿಯ ಹಾಳೆಗೆ ಜೋಡಿಸಿಕೊಡಬಲ್ಲ.

ಉದಾಹರಣೆಗೆ ಮಲೆನಾಡಿನ ಒಂದು ಅಡಿಕೆ ಮಂಡಿಯನ್ನು ಊಹಿಸಿಕೊಳ್ಳಬಹುದು. ಬೆಳಗ್ಗಿನಿಂದ ಬೆಳೆಗಾರರು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬಗೆಬಗೆಯ ಮೂಟೆಗಳನ್ನು ತಂದಿಳಿಸುತ್ತಾರೆ. ಅಂಗಳದಲ್ಲಿರುವ ಇಬ್ಬರು ಗುಮಾಸ್ತರು ಬೆಳೆಗಾರನ ಹೆಸರು, ಬಗೆ, ಮೂಟೆಯ ಸಂಖ್ಯೆ, ತೂಕ, ಟೆಂಡರಿನಲ್ಲಿ ಕುದುರಿದ ದರ ಎಲ್ಲವನ್ನೂ ಮೊಬೈಲಿನಿಂದಲೇ ಹಾಳೆಗೆ ತುಂಬುತ್ತಾರೆ. ಸಂಜೆ ಆರಕ್ಕೆ ಪ್ರೋಗ್ರಾಂ ತಾನಾಗಿ ಎಚ್ಚೆತ್ತು ಹಾಳೆಯನ್ನು ಓದಿ, ಮುಂಗಡದ ಬಾಕಿಯನ್ನು ಕಳೆದು, ಪ್ರತಿಯೊಬ್ಬನ ಲೆಕ್ಕಪಟ್ಟಿಯನ್ನು ಸಿದ್ಧಪಡಿಸಿ, ಬ್ಯಾಂಕಿಗೆ ಕಳುಹಿಸಬೇಕಾದ ಪಾವತಿಯ ಯಾದಿಯನ್ನೂ ತಯಾರಿಸುತ್ತದೆ. ಹಿಂದೆ ಇಬ್ಬರು ಲೆಕ್ಕಿಗರು ರಾತ್ರಿ ಒಂಬತ್ತರವರೆಗೆ ಕುಳಿತು ಮಾಡುತ್ತಿದ್ದ ಕೆಲಸ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಬೆಳೆಗಾರನಿಗೆ ಹಣ ಬೇಗ ಸಂದಾಯವಾಗುತ್ತದೆ. ಇದನ್ನು ಬೇಡವೆನ್ನುವವರು ವ್ಯಾಪಾರವನ್ನು ಅರಿತವರಲ್ಲ.

ಲಕ್ಷಾಂತರ ರೂಪಾಯಿ ತೆತ್ತು ದೊಡ್ಡ ತಂತ್ರಾಂಶವನ್ನು ಕೊಳ್ಳಲಾಗದ ಸಣ್ಣ ವರ್ತಕರಿಗೆ ಈ ಮಾರ್ಗ ವರದಾನವೇ ಸರಿ. ಹೊಸದೊಂದು ಕಾಲಂ ಬೇಕೆಂದರೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಗುಮಾಸ್ತರಿಗೆ ಹೊಸದಾಗಿ ಕಲಿಸುವುದೂ ಹೆಚ್ಚಿಲ್ಲ. ಆದ್ದರಿಂದ ಸ್ಪ್ರೆಡ್‌ಶೀಟನ್ನೇ ತ್ಯಜಿಸಬೇಕೆಂದು ಹವಾನಿಯಂತ್ರಿತ ಸಭಾಂಗಣಗಳಲ್ಲಿ ಉಪದೇಶಿಸುವ ಸಲಹೆಗಾರರ ಮಾತು ಸಣ್ಣ ಪೇಟೆಗಳ ಮಟ್ಟಿಗೆ ಒಪ್ಪತಕ್ಕದ್ದಲ್ಲ. ಒಪ್ಪತಕ್ಕದ್ದು ಬೇರೊಂದಿದೆ. ಹಾಳೆಯನ್ನು ಮುಟ್ಟುವ ಪ್ರೋಗ್ರಾಂ ಒಂದು ಉಪಕರಣವೆಂಬ ಭಾವನೆಯನ್ನು ಬಿಟ್ಟು, ಅದನ್ನು ಗದ್ದಿಗೆಯಲ್ಲಿ ಕೂರಿಸಿಕೊಂಡ ಒಬ್ಬ ಹೊಸ ಗುಮಾಸ್ತನೆಂದೇ ಪರಿಗಣಿಸಬೇಕು. ಹೊಸ ಗುಮಾಸ್ತನಿಗೆ ಮೊದಲ ದಿನವೇ ತಿಜೋರಿಯ ಕೀಲಿಯನ್ನು ಯಾರೂ ಕೊಡುವುದಿಲ್ಲ. ಅವನು ಅಂಕಿಗಳನ್ನು ಹೇಗೆ ಓದುತ್ತಾನೆ, ಹೇಗೆ ಬರೆಯುತ್ತಾನೆ ಎಂಬುದನ್ನು ಮೊದಲು ನೋಡುತ್ತಾರೆ.

ಈ ಗುಮಾಸ್ತನ ಓದಿನ ರೀತಿಯಂತೂ ವಿಚಿತ್ರ. ಅಡಿಕೆಯ ಎಚ್‌ಎಸ್‌ಎನ್ ಸಂಕೇತ 0802ರಿಂದ ಆರಂಭವಾಗುತ್ತದೆ. ಕಾಫಿಯದು 0901, ಕಾಳುಮೆಣಸಿನದು 0904, ಏಲಕ್ಕಿಯದು 0908. ಕರ್ನಾಟಕದ ತೋಟದ ಬೆಳೆಗಳ ವ್ಯಾಪಾರವೆಲ್ಲ ಸೊನ್ನೆಯಿಂದಲೇ ತೊಡಗುತ್ತದೆಂದರೆ ತಪ್ಪಾಗದು. ಮೇಲೆ ಹೇಳಿದ ಲೈಬ್ರರಿಯು ಹಾಳೆಯ ಸಾಲುಗಳನ್ನು ದಾಖಲೆಗಳಾಗಿ ಓದುವಾಗ, ಅಂಕಿಯಂತೆ ಕಾಣುವುದನ್ನೆಲ್ಲ ತಾನಾಗಿ ಸಂಖ್ಯೆಯನ್ನಾಗಿ ಪರಿವರ್ತಿಸಿಬಿಡುತ್ತದೆ. 0901 ಎಂಬುದು 901 ಆಗುತ್ತದೆ. 12E4 ಎಂಬ ಲಾಟ್ ಸಂಖ್ಯೆ ಇದ್ದರೆ ಅದು 1,20,000 ಆಗಿ ಕುಳಿತಿರುತ್ತದೆ, ಏಕೆಂದರೆ ಗಣಿತದ ಬರವಣಿಗೆಯಲ್ಲಿ E ಅಕ್ಷರಕ್ಕೆ ಹತ್ತರ ಘಾತವೆಂಬ ಅರ್ಥವಿದೆ. ಈ ಪರಿವರ್ತನೆ ಬೇಡವೆಂದು ಸೂಚಿಸುವ ವ್ಯವಸ್ಥೆ ಲೈಬ್ರರಿಯಲ್ಲಿದೆ. ಆದರೆ ಸೂಚಿಸಬೇಕೆಂದು ತಿಳಿದಿರಬೇಕಲ್ಲ.

ಬರೆಯುವಾಗಲೂ ಇದೇ ಕಥೆ. ಪ್ರೋಗ್ರಾಂ ಹಾಳೆಗೆ ಮಾಹಿತಿಯನ್ನು ಎರಡು ರೀತಿಯಲ್ಲಿ ಕಳುಹಿಸಬಹುದು. ಕೊಟ್ಟದ್ದನ್ನು ಕೊಟ್ಟಂತೆಯೇ ಇರಿಸು ಎನ್ನುವುದು ಒಂದು. ಮನುಷ್ಯ ಕೀಲಿಮಣೆಯಲ್ಲಿ ಟೈಪು ಮಾಡಿದ್ದರೆ ಹೇಗೆ ಅರ್ಥೈಸುತ್ತಿದ್ದೆಯೋ ಹಾಗೆ ಅರ್ಥೈಸು ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಸೊನ್ನೆ ಉಳಿಯುತ್ತದೆ, ಆದರೆ ದಿನಾಂಕ ಬರಿಯ ಅಕ್ಷರಗಳಾಗಿ ನಿಲ್ಲುತ್ತದೆ. ಎರಡನೆಯದರಲ್ಲಿ ದಿನಾಂಕ ದಿನಾಂಕವಾಗುತ್ತದೆ, ಆದರೆ ಸೊನ್ನೆ ಹಾರಿಹೋಗುತ್ತದೆ. ದಿನಾಂಕವೂ ಸರಿಯಾದ ದಿನಾಂಕವೇ ಆದೀತೆಂಬ ಭರವಸೆಯಿಲ್ಲ. ಹಾಳೆಯನ್ನು ಮೊದಲು ಸೃಷ್ಟಿಸುವಾಗ ಅದರ ಪ್ರದೇಶವನ್ನು ಅಮೆರಿಕವೆಂದು ಬಿಟ್ಟಿದ್ದರೆ, 03/04/2025 ಎಂಬುದನ್ನು ಅದು ಮಾರ್ಚ್ 4 ಎಂದು ಓದುತ್ತದೆ. ಭಾರತದ ವರ್ತಕ ಬರೆದದ್ದು ಏಪ್ರಿಲ್ 3. ಮೊದಲನೆಯದು 2024-25ನೆಯ ಆರ್ಥಿಕ ವರ್ಷಕ್ಕೆ ಸೇರಿದ್ದು, ಎರಡನೆಯದು 2025-26ಕ್ಕೆ. ಒಂದು ಬಿಲ್ಲು ಸದ್ದಿಲ್ಲದೆ ಹಿಂದಿನ ವರ್ಷಕ್ಕೆ ನಡೆದುಹೋಗುತ್ತದೆ. ಅದು ಪತ್ತೆಯಾಗುವುದು ಲೆಕ್ಕಪರಿಶೋಧಕರ ಮೇಜಿನ ಮೇಲೆ, ಅದೂ ಅದೃಷ್ಟವಿದ್ದರೆ.

ತೂಕದ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಲೈಬ್ರರಿಯು ಸಾಮಾನ್ಯವಾಗಿ ಓದುವುದು ಹಾಳೆಯ ಮೇಲೆ ಕಾಣುವ ರೂಪವನ್ನು, ಒಳಗಿರುವ ಮೂಲ ಅಂಕಿಯನ್ನಲ್ಲ. ತಕ್ಕಡಿ ತೋರಿಸಿದ್ದು 12.346 ಕ್ವಿಂಟಲ್ ಎಂದಿಟ್ಟುಕೊಳ್ಳೋಣ. ನೋಡಲು ಅಂದವಾಗಿರಲೆಂದು ಗುಮಾಸ್ತ ಕಾಲಮಿನಲ್ಲಿ ಎರಡೇ ದಶಾಂಶ ಸ್ಥಾನ ಕಾಣುವಂತೆ ಮಾಡಿದ್ದರೆ, ಪ್ರೋಗ್ರಾಂ ಓದುವುದು 12.35 ಎಂದು. ವ್ಯತ್ಯಾಸ ನಾನೂರು ಗ್ರಾಂ. ಕ್ವಿಂಟಲಿಗೆ 50,000 ರೂಪಾಯಿ ದರವಿದ್ದ ದಿನ ಅದರ ಬೆಲೆ 200 ರೂಪಾಯಿ. ದಿನವೊಂದಕ್ಕೆ ಇಂಥ ಎಷ್ಟು ಲಾಟುಗಳು ಬರುತ್ತವೆಯೆಂಬುದನ್ನು ಮಂಡಿಯವರೇ ಲೆಕ್ಕ ಹಾಕಿಕೊಳ್ಳಬಹುದು. ಕೆಲವೊಮ್ಮೆ ಮಂಡಿಗೆ ನಷ್ಟ, ಕೆಲವೊಮ್ಮೆ ಬೆಳೆಗಾರನಿಗೆ. ತಕ್ಕಡಿಯ ಚೀಟಿಗೂ ಲೆಕ್ಕಪಟ್ಟಿಗೂ ಹೊಂದಿಕೆಯಿಲ್ಲವೆಂದು ಬೆಳೆಗಾರ ಒಮ್ಮೆ ಕಂಡುಕೊಂಡರೆ, ಮೂರು ತಲೆಮಾರಿನ ನಂಬಿಕೆಗೆ ಕುಂದು ಬರಲು ಅದೊಂದೇ ಸಾಕು. ಮೊಬೈಲಿನ ಪರದೆ ಕಾರಣವೆಂದು ಹೇಳಿದರೆ ಅವನು ನಂಬಲಾರ.

ಎಚ್‌ಎಸ್‌ಎನ್ ಸಂಕೇತ ತಪ್ಪಿದರೆ ಎಲ್ಲಿಯೋ ಒಂದು ಕಡೆ ತಡೆಯುವವರಿದ್ದಾರೆ. ಬ್ಯಾಂಕ್ ಖಾತೆಯ ಸಂಖ್ಯೆ ತಪ್ಪಿದರೆ? ಸೊನ್ನೆಯಿಂದ ಆರಂಭವಾಗುವ ಖಾತೆಗಳಿವೆ. ಹದಿನಾರು ಅಂಕಿಗಳ ಖಾತೆಗಳೂ ಇವೆ. ಸ್ಪ್ರೆಡ್‌ಶೀಟು ಅವನ್ನು ಸಂಖ್ಯೆಯೆಂದು ಭಾವಿಸಿದಲ್ಲಿ ಹದಿನೈದು ಅಂಕಿಗಳಾಚೆ ನಿಖರತೆಯ ಭರವಸೆಯಿಲ್ಲ. ನೆಫ್ಟ್ ಮತ್ತು ಆರ್‌ಟಿಜಿಎಸ್ ಪಾವತಿಗಳಲ್ಲಿ ಹಣ ಜಮೆಯಾಗುವುದು ಖಾತೆಯ ಸಂಖ್ಯೆಯನ್ನು ಮಾತ್ರ ನೋಡಿ ಎಂಬುದು ರಿಸರ್ವ್ ಬ್ಯಾಂಕಿನ 2010ರ ನಿರ್ದೇಶನದಿಂದ ಸ್ಪಷ್ಟವಾಗಿದೆ. ಪಡೆಯುವವನ ಹೆಸರನ್ನು ಮೊದಲೇ ನೋಡಿ ಖಚಿತಪಡಿಸಿಕೊಳ್ಳುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಅದೇ ಬ್ಯಾಂಕು ಸೂಚಿಸಿತು. ನೋಡುವವರು ನೋಡಬೇಕಷ್ಟೆ. ಸಂಜೆ ಆರಕ್ಕೆ ಎಚ್ಚೆತ್ತು ಯಾದಿ ಮಾಡುವ ಪ್ರೋಗ್ರಾಮಿಗೆ, ಹೇಳಿಕೊಡದ ಹೊರತು, ಆ ಅಭ್ಯಾಸವಿರುವುದಿಲ್ಲ. ಖಾತೆ, ದೂರವಾಣಿ, ಸಂಕೇತ, ಬಿಲ್ಲಿನ ಸಂಖ್ಯೆ ಮುಂತಾದ, ಕೂಡುವ ಕಳೆಯುವ ಅಗತ್ಯವಿಲ್ಲದ ಅಂಕಿಗಳ ಕಾಲಮುಗಳನ್ನೆಲ್ಲ ಮೊದಲೇ ಶುದ್ಧ ಪಠ್ಯವೆಂದು ಗುರುತು ಮಾಡಿಡುವುದು ಹತ್ತು ನಿಮಿಷದ ಕೆಲಸ.

ಯಂತ್ರ ಮಾಡುವ ತಪ್ಪು ಸದ್ದು ಮಾಡುವುದಿಲ್ಲವೆಂಬುದಕ್ಕೆ ಜಗತ್ತೇ ನೋಡಿದ ನಿದರ್ಶನವೊಂದಿದೆ. 2020ರಲ್ಲಿ ಕೋವಿಡ್ ಸೋಂಕಿನ ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಪ್ರಯೋಗಾಲಯಗಳಿಂದ ಬಂದ ಕಡತಗಳನ್ನು ಸ್ವಯಂಚಾಲಿತವಾಗಿ ಎಕ್ಸೆಲ್ ಹಾಳೆಗಳಿಗೆ ತುಂಬಿಸಿಕೊಳ್ಳುತ್ತಿತ್ತು. ಆ ಹಾಳೆಗಳು ಹಳೆಯ ಮಾದರಿಯವು. ಅವುಗಳಲ್ಲಿ ಹಿಡಿಸುವುದು 65,536 ಸಾಲುಗಳು ಮಾತ್ರ. ಮಿಕ್ಕವು ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರ ವಿವರಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕಾರ್ಯವೂ ತಡವಾಯಿತು. ದೊಡ್ಡ ಸರ್ಕಾರವೊಂದರ ಗತಿ ಹೀಗಾದರೆ, ಸಂತೆಪೇಟೆಯ ಅಂಗಡಿಯ ಹಾಳೆಯನ್ನು ಕಾಯುವವರಾರು? ಗೂಗಲ್ ಹಾಳೆಯ ಮಿತಿ ಈಗ ಒಂದು ಕೋಟಿ ಕೋಶಗಳಷ್ಟಿದೆಯಾದ್ದರಿಂದ ಸಾಲುಗಳ ಕೊರತೆ ಸಣ್ಣ ವರ್ತಕನನ್ನು ಬಾಧಿಸಲಾರದು. ಬಾಧಿಸುವುದು ಬೇರೆ ಮಿತಿ. ಒಂದು ಖಾತೆಯಿಂದ ನಿಮಿಷಕ್ಕೆ ಅರವತ್ತು ಬಾರಿ ಓದಬಹುದು, ಅರವತ್ತು ಬಾರಿ ಬರೆಯಬಹುದು. ಅನನುಭವಿ ಬರೆದ ಪ್ರೋಗ್ರಾಂ ಇನ್ನೂರು ಸಾಲುಗಳ ಆರು ಕೋಶಗಳನ್ನು ಒಂದೊಂದಾಗಿ ಓದಹೊರಟರೆ ಸಾವಿರದ ಇನ್ನೂರು ಬಾರಿ ಬಾಗಿಲು ತಟ್ಟಿದಂತಾಯಿತು. ಇಪ್ಪತ್ತು ನಿಮಿಷಗಳ ಕೆಲಸ. ನಿಮಿಷದ ಮಿತಿ ಮೀರಿದರೆ ನಡುವಿನಲ್ಲಿಯೇ ಬಾಗಿಲು ಮುಚ್ಚಿ, ಅರ್ಧ ಬೆಳೆಗಾರರ ಮುಂದೆ 'ಪಾವತಿಯಾಗಿದೆ' ಎಂಬ ಗುರುತು ಬಿದ್ದು ಉಳಿದರ್ಧಕ್ಕೆ ಬೀಳದಿರುವ ಸ್ಥಿತಿ ಒದಗುತ್ತದೆ. ಇಡೀ ಹಾಳೆಯನ್ನು ಒಂದೇ ಮನವಿಯಲ್ಲಿ ಓದಿ, ಒಂದೇ ಮನವಿಯಲ್ಲಿ ಬರೆಯುವ ಸೌಕರ್ಯ ಅದೇ ಲೈಬ್ರರಿಯಲ್ಲಿದೆ.

ಒಂದೇ ಹಾಳೆಯಲ್ಲಿ ಮನುಷ್ಯನೂ ಯಂತ್ರವೂ ಬರೆಯುವುದು ಎಲ್ಲಕ್ಕಿಂತ ಅಪಾಯಕರ. ಒಬ್ಬ ಬೆಳೆಗಾರನ ಹೆಸರು ನಲವತ್ತೇಳನೆಯ ಸಾಲಿನಲ್ಲಿದೆಯೆಂದು ಪ್ರೋಗ್ರಾಂ ಕಂಡುಕೊಳ್ಳುತ್ತದೆ. ಅಷ್ಟರಲ್ಲಿ ಅಂಗಳದ ಗುಮಾಸ್ತ ಮೇಲೊಂದು ಸಾಲನ್ನು ಸೇರಿಸುತ್ತಾನೆ. ಪ್ರೋಗ್ರಾಂ ನಲವತ್ತೇಳನೆಯ ಸಾಲಿಗೇ ಬರೆಯುತ್ತದೆ. ಅಲ್ಲಿ ಈಗ ಇರುವುದು ಬೇರೆಯವನ ಹೆಸರು. ಒಬ್ಬರ ಹಣ ಮತ್ತೊಬ್ಬರ ಖಾತೆಗೆ ಹೋದುದಕ್ಕೆ ಯಾರದೂ ತಪ್ಪಿಲ್ಲದಂತಹ ಸನ್ನಿವೇಶವಿದು. ಗುಮಾಸ್ತರಿಗೊಂದು ಹಾಳೆ, ಯಂತ್ರಕ್ಕೊಂದು ಹಾಳೆ ಎಂದು ಬೇರ್ಪಡಿಸಿ, ಗುಮಾಸ್ತರ ಹಾಳೆಯನ್ನು ಯಂತ್ರ ಓದಬೇಕೇ ಹೊರತು ಮುಟ್ಟಬಾರದು, ತನ್ನ ಹಾಳೆಯಲ್ಲಿಯೂ ಕೊನೆಗೆ ಹೊಸ ಸಾಲನ್ನು ಸೇರಿಸಬೇಕೇ ಹೊರತು ಹಳೆಯದನ್ನು ಅಳಿಸಬಾರದು ಎಂಬ ಕಟ್ಟಳೆ ಮಾಡಬೇಕು. ಇದು ಹೊಸ ವಿಚಾರವೇನಲ್ಲ. ಕಿರ್ದಿಯಲ್ಲಿ ಬರೆದುದನ್ನು ಕೆರೆದು ಅಳಿಸಬಾರದು, ತಪ್ಪಾದರೆ ಇನ್ನೊಂದು ನಮೂದಿನಿಂದ ಸರಿಪಡಿಸಬೇಕು ಎಂಬ ಹಳೆಯ ಮುನೀಮರ ಪಾಠವೇ. ಪ್ರತಿ ಲಾಟಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಸಾಲಿನ ಸ್ಥಾನವನ್ನಲ್ಲದೆ ಆ ಸಂಖ್ಯೆಯನ್ನೇ ನಂಬುವಂತೆ ಪ್ರೋಗ್ರಾಮನ್ನು ಬರೆಸಬೇಕು.

ಇನ್ನು ಕೀಲಿಯ ಪ್ರಶ್ನೆ. ಪ್ರೋಗ್ರಾಂ ಹಾಳೆಯನ್ನು ಪ್ರವೇಶಿಸಲು ಎರಡು ದಾರಿಗಳಿವೆ. ಒಬ್ಬ ಸಿಬ್ಬಂದಿಯ ಸ್ವಂತ ಗೂಗಲ್ ಖಾತೆಯ ಹೆಸರಿನಲ್ಲಿ ಪ್ರವೇಶಿಸಬಹುದು. ಇಲ್ಲವೆ 'ಸರ್ವಿಸ್ ಅಕೌಂಟ್' ಎಂಬ, ಯಂತ್ರಕ್ಕೆಂದೇ ತೆರೆದ ಪ್ರತ್ಯೇಕ ಖಾತೆಯ ಮೂಲಕ ಪ್ರವೇಶಿಸಬಹುದು. ಮೊದಲನೆಯ ದಾರಿಯಲ್ಲಿ ಯಂತ್ರ ಬರೆದದ್ದೆಲ್ಲ ಹಾಳೆಯ ತಿದ್ದುಪಡಿ ಇತಿಹಾಸದಲ್ಲಿ ಆ ಸಿಬ್ಬಂದಿಯ ಹೆಸರಿಗೆ ದಾಖಲಾಗುತ್ತದೆ. ನಾಳೆ ವಿವಾದವೆದ್ದರೆ, ಬರೆಯದ ಅಂಕಿಗೆ ಆ ಬಡಪಾಯಿ ಉತ್ತರ ಹೇಳಬೇಕಾದೀತು. ಇದು ಅನ್ಯಾಯ. ಎರಡನೆಯ ದಾರಿಯಲ್ಲಿ ಯಂತ್ರಕ್ಕೆ ತನ್ನದೇ ಒಂದು ಇಮೇಲ್ ವಿಳಾಸವಿರುತ್ತದೆ. ಯಾವ ಹಾಳೆಗಳನ್ನು ಆ ವಿಳಾಸದೊಂದಿಗೆ ಹಂಚಿಕೊಳ್ಳಲಾಗಿದೆಯೋ ಅವನ್ನು ಮಾತ್ರ ಅದು ನೋಡಬಲ್ಲದು. ಓದಲು ಮಾತ್ರ ಅನುಮತಿ ಕೊಡಬಹುದು, ಬರೆಯಲೂ ಕೊಡಬಹುದು. ಆದ್ದರಿಂದ ಎರಡನೆಯದೇ ಯೋಗ್ಯವೆನ್ನದೆ ವಿಧಿಯಿಲ್ಲ.

ಆದರೆ ಇಲ್ಲಿಯೂ ಒಂದು ಕೊಕ್ಕೆಯಿದೆ. ಆ ಖಾತೆಯ ಕೀಲಿಯೆಂದರೆ ಒಂದು ಚಿಕ್ಕ ಕಡತ. ಅದನ್ನು ಪಡೆದವನು ಯಾವ ಊರಿನಿಂದಲಾದರೂ, ಯಾವ ಗಣಕಯಂತ್ರದಿಂದಲಾದರೂ ಹಾಳೆಗಳನ್ನು ತೆರೆಯಬಲ್ಲ. ಒಟಿಪಿ ಕೇಳುವುದಿಲ್ಲ, ಮೊಬೈಲಿಗೆ ಸಂದೇಶ ಬರುವುದಿಲ್ಲ. ಪ್ರತ್ಯೇಕವಾಗಿ ಅವಧಿ ನಿಗದಿಪಡಿಸದಿದ್ದಲ್ಲಿ ಆ ಕೀಲಿಗೆ ಮುಕ್ತಾಯದ ದಿನಾಂಕವೂ ಇಲ್ಲ. ಭಾನುವಾರ ಬಂದು ಪ್ರೋಗ್ರಾಂ ಬರೆದುಕೊಟ್ಟ ಸೋದರಳಿಯ ಬೆಂಗಳೂರಿನ ಕಂಪನಿಗೆ ಸೇರಿ ಮೂರು ವರ್ಷವಾದರೂ, ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಮಂಡಿಯ ಕೀಲಿ ಇದ್ದೇ ಇರುತ್ತದೆ. ಆ ಲ್ಯಾಪ್‌ಟಾಪು ಯಾರಿಗೆ ಮಾರಾಟವಾಯಿತೋ! ಅವನು ದುರುಳನಾಗಿರಬೇಕಿಲ್ಲ. ಪ್ರೋಗ್ರಾಮುಗಳನ್ನು ಸಾರ್ವಜನಿಕವಾಗಿ ಇಡುವ ತಾಣಕ್ಕೆ ತನ್ನ ಕೆಲಸವನ್ನು ಏರಿಸುವಾಗ ಕೀಲಿಯ ಕಡತವನ್ನೂ ಮರೆತು ಸೇರಿಸಿದ್ದರೆ ಸಾಕು, ಬೆಳೆಗಾರರ ಹೆಸರು, ದೂರವಾಣಿ, ಬ್ಯಾಂಕ್ ಖಾತೆ ಎಲ್ಲವೂ ಬೀದಿಗೆ ಬಿದ್ದಂತೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಇಂತಹ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ಹೊರಿಸುವುದು ವ್ಯವಹಾರ ನಡೆಸುವವರ ಮೇಲೆಯೇ ಹೊರತು ಸೋದರಳಿಯನ ಮೇಲಲ್ಲ.

ಹಾಳೆಯ ಒಡೆತನವೂ ಇದಕ್ಕೆ ಹೊಂದಿಕೊಂಡ ಮಾತು. ಗುಮಾಸ್ತನೊಬ್ಬನ ಸ್ವಂತ ಇಮೇಲಿನಲ್ಲಿ ಸೃಷ್ಟಿಯಾದ ಹಾಳೆಗೆ ಒಡೆಯ ಅವನೇ. ಅವನು ಕೆಲಸ ಬಿಟ್ಟು, ಖಾತೆಯನ್ನು ಮುಚ್ಚಿದರೆ ಹಾಳೆಯ ಗತಿಯೇನು? ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿರಿಸಬೇಕು. ಅಷ್ಟು ಕಾಲ ಯಾವ ಗುಮಾಸ್ತ ಇದ್ದಾನು? ಹಾಳೆಯೂ ಕೀಲಿಯೂ ಸಂಸ್ಥೆಯ ಹೆಸರಿನ ಖಾತೆಯಲ್ಲಿರಬೇಕು, ಆ ಖಾತೆಯ ಗುಪ್ತಪದ ಮಾಲೀಕನ ಬಳಿ ಇರಬೇಕು, ವರ್ಷಕ್ಕೊಮ್ಮೆ ಹಳೆಯ ಕೀಲಿಯನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು.

ಖಾಸಗಿ ಕಂಪನಿಗಳಾಗಿ ನೋಂದಣಿಯಾಗಿರುವ ಸದಸ್ಯರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. 2023ರ ಏಪ್ರಿಲ್ 1ರಂದು ಅಥವಾ ಅನಂತರ ಆರಂಭವಾಗುವ ಆರ್ಥಿಕ ವರ್ಷಗಳಿಗೆ, ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ವ್ಯವಹಾರದ ಜಾಡನ್ನೂ, ಯಾವ ದಿನ ಯಾವ ತಿದ್ದುಪಡಿ ನಡೆಯಿತೆಂಬುದನ್ನೂ ದಾಖಲಿಸಬೇಕು. ಆ ದಾಖಲೆಯನ್ನು ನಿಲ್ಲಿಸಲು ಆಗದಂತಿರಬೇಕು. ಯಾರು ಬೇಕಾದರೂ ನಕಲು ಮಾಡಿ, ಹಳೆಯದನ್ನು ಅಳಿಸಿಹಾಕಬಹುದಾದ ಸ್ಪ್ರೆಡ್‌ಶೀಟು ಈ ಒರೆಗಲ್ಲಿಗೆ ನಿಲ್ಲುವುದು ಕಷ್ಟ. ಅಂಗಳದ ಮಾಹಿತಿಯನ್ನು ಕಲೆಹಾಕಲು, ಅದನ್ನು ಲೆಕ್ಕಪತ್ರದ ತಂತ್ರಾಂಶಕ್ಕೆ ಸಾಗಿಸಲು ಹಾಳೆಯೂ ಪ್ರೋಗ್ರಾಮೂ ಇರಲಿ. ಖಾತೆಪುಸ್ತಕದ ಸ್ಥಾನ ಮಾತ್ರ ಅವಕ್ಕೆ ಸಲ್ಲದು. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ವ್ಯವಹಾರಗಳಿಗೆ ಈ ನಿಯಮ ಅನ್ವಯಿಸದಿದ್ದರೂ, ಅದರ ಹಿಂದಿನ ವಿವೇಕ ಅನ್ವಯಿಸುತ್ತದೆ.

ಇಷ್ಟೆಲ್ಲ ತಾಪತ್ರಯವಿದ್ದರೆ ಹಳೆಯ ಪದ್ಧತಿಯೇ ಲೇಸಲ್ಲವೇ ಎಂದು ಕೇಳುವವರುಂಟು. ಕೈಬರಹದ ಕಿರ್ದಿಯಲ್ಲಿ ತಪ್ಪುಗಳಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಮುನೀಮ ಒಂದು ದಿನಕ್ಕೆ ಒಂದು ತಪ್ಪು ಮಾಡುತ್ತಿದ್ದ, ಮರುದಿನ ತಾನೇ ಹಿಡಿಯುತ್ತಿದ್ದ. ಪ್ರೋಗ್ರಾಂ ಅದೇ ತಪ್ಪನ್ನು ಇನ್ನೂರು ಸಾಲುಗಳಲ್ಲಿ ಮೂವತ್ತು ದಿನ ನಿಷ್ಠೆಯಿಂದ ಮಾಡುತ್ತದೆ. ಮೇಲಾಗಿ, ನಿನ್ನೆ ಸರಿಯಾಗಿದ್ದ ಪ್ರೋಗ್ರಾಂ ಯಾರೂ ಮುಟ್ಟದೆಯೇ ಕೆಡಬಹುದು. ಗೂಗಲ್ ತನ್ನ ಹಿಂಬಾಗಿಲಿನ ಮೂರನೆಯ ಆವೃತ್ತಿಯನ್ನು 2021ರಲ್ಲಿ ಮುಚ್ಚಿದಾಗ ಅದನ್ನೇ ನೆಚ್ಚಿದ್ದ ಪ್ರೋಗ್ರಾಮುಗಳಿಗೆ ದಾರಿ ತಪ್ಪಿತು. 2024ರಲ್ಲಿ ಬಂದ ಜಿ-ಸ್ಪ್ರೆಡ್‌ನ ಆರನೆಯ ಆವೃತ್ತಿಯಲ್ಲಿ, ಬರೆಯಬೇಕಾದ ಜಾಗವನ್ನೂ ಮೌಲ್ಯಗಳನ್ನೂ ಹೇಳುವ ಕ್ರಮವೇ ಅದಲುಬದಲಾಯಿತು. ಯಾವ ಆವೃತ್ತಿಯನ್ನು ಬಳಸಲಾಗಿದೆಯೆಂದು ಒಂದು ಚೀಟಿಯಲ್ಲಾದರೂ ಬರೆದಿಡದ ಮಾಲೀಕ, ಯಂತ್ರ ನಿಂತ ದಿನ ಸೋದರಳಿಯನಿಗೆ ಫೋನು ಮಾಡುವುದೊಂದೇ ಗತಿ.

ವಾಣಿಜ್ಯ ಸಂಘಗಳು ಜಿಎಸ್‌ಟಿ ಕುರಿತು, ರಫ್ತು ಕುರಿತು ಕಾರ್ಯಾಗಾರಗಳನ್ನು ಏರ್ಪಡಿಸುತ್ತ ಬಂದಿವೆ. ಈ ವಿಷಯಕ್ಕೂ ಅರ್ಧ ದಿನವನ್ನು ಮೀಸಲಿಡುವುದು ಸೂಕ್ತ. ಅಲ್ಲಿ ಪೈಥಾನ್ ಕಲಿಸಬೇಕಿಲ್ಲ. ಪ್ರೋಗ್ರಾಂ ಬರೆಯುವ ಹುಡುಗರಿಗಿಂತ ಬರೆಸಿಕೊಂಡ ಮಾಲೀಕರನ್ನು ಮೊದಲ ಸಾಲಿನಲ್ಲಿ ಕೂರಿಸಬೇಕು. ಒಂದು ಖಾಲಿ ಹಾಳೆಯಲ್ಲಿ 0802, 12E4, 03/04/2025, 12.346 ಮತ್ತು ಹದಿನಾರು ಅಂಕಿಗಳ ಒಂದು ಖಾತೆಸಂಖ್ಯೆಯನ್ನು ಬರೆದು, ಅವರವರ ಅಂಗಡಿಯ ಪ್ರೋಗ್ರಾಂ ಅವನ್ನು ಏನೆಂದು ಓದಿತೆಂಬುದನ್ನು ಮುದ್ರಿಸಿ ಅವರ ಕೈಗೆ ಕೊಡಬಹುದು. ಜೊತೆಗೆ, ಅವರ ಹಾಳೆಗಳನ್ನು ತೆರೆಯಬಲ್ಲ ಇಮೇಲ್ ವಿಳಾಸಗಳ ಯಾದಿಯನ್ನೂ ಅಲ್ಲಿಯೇ ತೆಗೆಸಿ ಓದಿಸಬಹುದು.